ವ್ಯಾಕ್ ಮಷೀನು: ಎಲ್ಲಿ ಕೆಲಸಕ್ಕೆ ಬರುತ್ತದೆ, ಎಲ್ಲಿ ಬರೀ ಖರ್ಚು

ಅಪಘಾತದಲ್ಲಿ ಕಾಲಿನ ಚರ್ಮ, ಮಾಂಸ ಕಿತ್ತುಹೋದವರಿಗೆ ಆಸ್ಪತ್ರೆಯಲ್ಲಿ ‘ವ್ಯಾಕ್ ಹಾಕೋಣ’ ಎನ್ನುವುದು ಈಗ ಮಾಮೂಲು. ಗಾಯವನ್ನು ಗಾಳಿ ಹೋಗದಂತೆ ಮುಚ್ಚಿ, ಪಂಪಿನಿಂದ ಒಳಗಿನ ದ್ರವ ಹೀರುವ ಡ್ರೆಸ್ಸಿಂಗೇ ವ್ಯಾಕ್. ಕಿಟ್‌ನಲ್ಲಿ ಇರುವುದು ಕಪ್ಪು ಫೋಮು, ಅಂಟುವ ಪಾರದರ್ಶಕ ಫಿಲ್ಮು, ಟ್ಯೂಬು ಸೇರಿದ ಪ್ಯಾಡು, ದ್ರವ ತುಂಬುವ ಡಬ್ಬಿ. ಇದಕ್ಕೆ ಹೀರುವ ಪಂಪು ಜೋಡಿಸುತ್ತಾರೆ. ಅಮೆರಿಕದ ಅರ್ಜೆಂಟಾ ಮತ್ತು ಮೊರಿಕ್ವಾಸ್ 1997ರಲ್ಲಿ ಈ ವಿಧಾನವನ್ನು ಪ್ರಕಟಿಸಿದಾಗ ಬಳಸಿದ 125 ಮಿ.ಮೀ. ಪಾದರಸದಷ್ಟು ಹೀರುವ ಒತ್ತಡವನ್ನೇ ಇವತ್ತಿಗೂ ಸಾಮಾನ್ಯವಾಗಿ ಇಡುತ್ತಾರೆ.

ಸೋರುವ ನೀರನ್ನು ಹೀರುವುದರಲ್ಲಿ, ಊತ ಇಳಿಸುವುದರಲ್ಲಿ, ಗಾಯದ ತಳದಲ್ಲಿ ಕೆಂಪು ಮಾಂಸ ಬರಿಸುವುದರಲ್ಲಿ ಇದು ಒಳ್ಳೆಯ ಸಾಧನವೇ. ದಿನಾ ಗಾಜ್ ಬಿಚ್ಚಿ ಕಟ್ಟುವ ನೋವು ತಪ್ಪುತ್ತದೆ. ಫೋಮು ಬದಲಿಸುವುದು 48ರಿಂದ 72 ಗಂಟೆಗೊಮ್ಮೆ. ಆದರೆ ಸತ್ತ ಮಾಂಸ ಉಳಿದಿರುವ ಗಾಯಕ್ಕೆ ಹಾಕಿದರೆ ದುಡ್ಡು ದಂಡ. ಪಂಪು ಕೊಳೆತದ್ದನ್ನು ತೆಗೆಯುವುದಿಲ್ಲ. ಮೊದಲು ಆಪರೇಷನ್ ಥಿಯೇಟರಿನಲ್ಲಿ ಕತ್ತರಿಸಿ ತೊಳೆಯಬೇಕು, ಆಮೇಲೆ ಮಷೀನು.

ಕಟ್ಟುವ ಕ್ರಮದಲ್ಲೇ ಅರ್ಧ ಯಶಸ್ಸು. ಫೋಮನ್ನು ಗಾಯದ ಮೇಲೆ ಹಿಡಿದು ಕತ್ತರಿಸಬಾರದು, ಚೂರು ಒಳಗೆ ಬೀಳುತ್ತದೆ. ಎಷ್ಟು ತುಂಡು ಇಟ್ಟಿದ್ದೇವೆಂದು ಫಿಲ್ಮಿನ ಮೇಲೇ ಪೆನ್ನಿನಲ್ಲಿ ಬರೆಯಬೇಕು. ಒಳಗೆ ಮರೆತ ಒಂದು ತುಂಡು ಸಾಕು, ಕೀವು ಹಿಡಿಯಲು. ಸ್ನಾಯುರಜ್ಜು, ಮೂಳೆ ಕಾಣುತ್ತಿದ್ದರೆ ಅದಕ್ಕೂ ಫೋಮಿಗೂ ನಡುವೆ ಅಂಟದ ಬಲೆಯಂಥ ಪದರ ಇರಲಿ. ಸುತ್ತಲ ಕೂದಲು ತೆಗೆದು, ಚರ್ಮ ಪೂರ್ತಿ ಒಣಗಿಸಿ, ಫಿಲ್ಮು ಒಳ್ಳೆಯ ಚರ್ಮದ ಮೇಲೆ 3–5 ಸೆಂ.ಮೀ. ಕೂರುವಂತೆ ಅಂಟಿಸಿ. ಎಳೆದು ಅಂಟಿಸಿದರೆ ಬೊಬ್ಬೆ ಏಳುತ್ತದೆ. ಫಿಲ್ಮಿನಲ್ಲಿ ಸುಮಾರು 2 ಸೆಂ.ಮೀ. ತೂತು ಮಾಡಿ ಅದರ ಮೇಲೆ ಪ್ಯಾಡು. ಪಂಪು ಹಾಕಿದ ಕೂಡಲೇ ಫೋಮು ಒಣದ್ರಾಕ್ಷಿಯಂತೆ ಸುಕ್ಕುಗಟ್ಟಬೇಕು; ಇಲ್ಲವೆಂದರೆ ಎಲ್ಲೋ ಗಾಳಿ ಸೋರುತ್ತಿದೆ. ಮೂಳೆಗೆ ಹೊರಗಿನಿಂದ ಹಾಕಿದ ಫಿಕ್ಸೇಟರಿನ ರಾಡುಗಳ ಬುಡ, ಬೆರಳ ಸಂದು, ಇವೇ ಸೋರುವ ಜಾಗಗಳು. ರಾಡಿನ ಎರಡೂ ಕಡೆಯಿಂದ ಫಿಲ್ಮು ತಂದು ಒಂದಕ್ಕೊಂದು ಅಂಟಿಸುವುದು ನಡೆಯುವ ಉಪಾಯ.

ಪಂಪು ನಿಂತು 2 ಗಂಟೆ ಮೀರಿದರೆ ಡ್ರೆಸ್ಸಿಂಗ್ ತೆಗೆದು ಒದ್ದೆ ಗಾಜ್ ಹಾಕಲೇಬೇಕು. ನಿಂತ ನೀರಿನ ಫೋಮು ಮುಚ್ಚಿದ ಕೊಳೆಯ ಚೀಲ. ಆಗಾಗ ಕರೆಂಟ್ ಹೋಗುವ ಊರಿನಲ್ಲಿ ಬ್ಯಾಟರಿ ಎಷ್ಟು ಹೊತ್ತು ಎಳೆಯುತ್ತದೆ ಎನ್ನುವುದನ್ನು ಮೊದಲೇ ಕೇಳಿ. 72 ಗಂಟೆ ಮೀರಿ ಬಿಟ್ಟರೆ ಮಾಂಸ ಫೋಮಿನ ರಂಧ್ರದೊಳಗೇ ಬೆಳೆಯುತ್ತದೆ, ಕಿತ್ತಾಗ ರಕ್ತ, ಜೀವ ಹೋಗುವಷ್ಟು ನೋವು. ತೆಗೆಯುವ ಮುನ್ನ ಪಂಪು ನಿಲ್ಲಿಸಿ, ಸಲೈನ್ ಬಿಟ್ಟು 15–30 ನಿಮಿಷ ನೆನೆಸಿದರೆ ಎಷ್ಟೋ ವಾಸಿ.

ಫಲಿತಾಂಶದ ಮಾತು. ಬ್ರಿಟನ್ನಿನಲ್ಲಿ ಕಾಲಿನ ತೆರೆದ ಮುರಿತ (ಮೂಳೆ ಮುರಿದ ಜಾಗದಲ್ಲೇ ಚರ್ಮವೂ ಒಡೆದ ಗಾಯ) ಇದ್ದ 460 ಜನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ವಾಲ್ಫ್ ಅಧ್ಯಯನದಲ್ಲಿ ಆಳವಾದ ಸೋಂಕು ವ್ಯಾಕ್ ಗುಂಪಿನಲ್ಲಿ 7.1%, ಸಾಮಾನ್ಯ ಡ್ರೆಸ್ಸಿಂಗಿನಲ್ಲಿ 8.1%. ಗಣನೀಯ ವ್ಯತ್ಯಾಸವೇನಲ್ಲ. ಒಂದು ವರ್ಷದ ನಂತರದ ಓಡಾಟದಲ್ಲೂ ಲಾಭ ಕಾಣಲಿಲ್ಲ. ಹೊಲಿದು ಮುಚ್ಚಿದ ಗಾಯಗಳಿಗೆ 1548 ಜನರಲ್ಲಿ ಪರೀಕ್ಷಿಸಿದ 2020ರ ವಿಸ್ಟ್ ಅಧ್ಯಯನವೂ ಅದನ್ನೇ ತೋರಿಸಿತು. ಹಾಗಾಗಿ ‘ವ್ಯಾಕ್ ಇದೆಯಲ್ಲ’ ಎಂದು ಫ್ಲಾಪ್ ಸರ್ಜರಿಯನ್ನು (ರಕ್ತ ಸಂಚಾರವಿರುವ ಚರ್ಮ, ಮಾಂಸ ತಂದು ಗಾಯ ಮುಚ್ಚುವ ಆಪರೇಷನ್) ವಾರಗಟ್ಟಲೆ ಮುಂದೂಡುವುದಕ್ಕೆ ಇದು ನೆಪವಾಗಬಾರದು. ಚರ್ಮದ ಕಸಿ ಹಾಕಿದ ಮೇಲೆ ಅದು ಅಲುಗಾಡದಂತೆ 4–5 ದಿನ ಒತ್ತಿ ಹಿಡಿಯಲು ಮಾತ್ರ ನಮ್ಮ ಪೂರ್ಣ ಅಂಕ ಇದಕ್ಕೇ, ಮುಖ್ಯವಾಗಿ ಉಬ್ಬುತಗ್ಗಿನ ಜಾಗದಲ್ಲಿ.

ಬಳಸಲೇಬಾರದ ಕಡೆ: ಗಾಯದಲ್ಲಿ ಕ್ಯಾನ್ಸರ್, ಚಿಕಿತ್ಸೆ ಆಗದ ಮೂಳೆ ಸೋಂಕು, ತೆರೆದ ರಕ್ತನಾಳ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರಲ್ಲಿ ಎಚ್ಚರ. ಟ್ಯೂಬಿನಲ್ಲಿ ತಾಜಾ ಕೆಂಪು ರಕ್ತ ಹರಿದರೆ ತಕ್ಷಣ ಪಂಪು ಆಫ್ ಮಾಡಿ, ಡ್ರೆಸ್ಸಿಂಗ್ ಕೀಳದೆ ಮೇಲಿಂದ ಗಟ್ಟಿಯಾಗಿ ಒತ್ತಿ, ಡಾಕ್ಟರನ್ನು ಕರೆಯಿರಿ.

ದರ ಕೇಳುವಾಗ ಮಷೀನಿನ ದಿನದ ಬಾಡಿಗೆ ಬೇರೆ, ಪ್ರತಿ ಬದಲಾವಣೆಯ ಫೋಮು ಮತ್ತು ಡಬ್ಬಿಯ ದುಡ್ಡು ಬೇರೆಯೇ ಎಂದು ಬಿಡಿಸಿ ಬರೆಸಿಕೊಳ್ಳಿ. ದೊಡ್ಡ ಗಾಯದಲ್ಲಿ ಡಬ್ಬಿ ದಿನಕ್ಕೊಂದು ತುಂಬುವುದೂ ಉಂಟು.