ಗಾಡಿ ‘ಧಡ್’ ಅಂದು ಮಿಸ್ಸಿಂಗ್ ಹೊಡೀತಿದ್ಯಾ? ಪ್ಲಗ್ ಬಿಚ್ಚಿಸೋಕೆ ಮುಂಚೆ ಇದನ್ನ ಓದಿ

ಹಳೇ ಪಿಕಪ್ ಇಟ್ಕೊಂಡಿರೋರು ಸ್ವಲ್ಪ ತಾಳ್ಮೆಯಿಂದ ಓದಿ, ಉದ್ದ ಆಗುತ್ತೆ. ನಂದು 20 ವರ್ಷ ದಾಟಿರೋ ಪೆಟ್ರೋಲ್ ಗಾಡಿ, 4 ಸಿಲಿಂಡರ್, ಡಿಸ್ಟ್ರಿಬ್ಯೂಟರ್ (ಒಂದೊಂದು ಪ್ಲಗ್‌ಗೂ ಕರೆಂಟ್ ಹಂಚೋದು) ಇದೆ ಆದ್ರೆ ಕಾರ್ಬುರೇಟರ್ ಅಲ್ಲ ಇಂಜೆಕ್ಷನ್, ಹಿಂದಿನ ಚಕ್ರಕ್ಕೆ ಡ್ರೈವ್. ಮೂರು ತಿಂಗಳು ಗ್ಯಾರೇಜ್ ಸುತ್ತಿ, ಚೆನ್ನಾಗಿದ್ದ ಸಾಮಾನನ್ನೆಲ್ಲಾ ಕಿತ್ತು ಹಾಕಿಸಿ, ಕೊನೆಗೆ ಏನೂ ಆಗದೇ ಇದ್ದ ಒಂದು ದುಬಾರಿ ಪಾರ್ಟನ್ನ ನಾನೇ ಓಡಿಸಿ ಓಡಿಸಿ ಸುಟ್ಟುಹಾಕಿದೆ. ತಪ್ಪು ಮೆಕ್ಯಾನಿಕ್‌ದು ಎಷ್ಟೋ ನಂದೂ ಅಷ್ಟೇ.

ಶುರುವಾಗಿದ್ದು ಹೀಗೆ. ನಿಂತಿದ್ದ ಗಾಡಿ ಫಸ್ಟ್ ಗೇರಲ್ಲಿ ಹೊರಡುವಾಗ ಕೆಳಗಡೆ ಎಲ್ಲೋ ‘ಧಡ್’ ಅಂತ ಒಂದೇ ಒಂದು ಸದ್ದು, ಯಾರೋ ಮರದ ಸುತ್ತಿಗೇಲಿ ಚಾಸಿಗೆ ಹೊಡೆದಂಗೆ. ಓಡ್ತಾ ಇರುವಾಗ ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದ್ರೆ ಮತ್ತೆ ಧಡ್. ಒಂದು ವಾರ ಆದ್ಮೇಲೆ ಇದರ ಜೊತೆಗೆ ಮಿಸ್ಸಿಂಗ್ ಶುರುವಾಯ್ತು, ಅಂದ್ರೆ ಸಿಲಿಂಡರಲ್ಲಿ ಪೆಟ್ರೋಲ್ ಒಮ್ಮೊಮ್ಮೆ ಉರೀದೇ ತಪ್ಪೋದು, ಅದೂ ಲೋಡ್ ಇದ್ದು ಏರು ಹತ್ತುವಾಗ ಮಾತ್ರ, ಹಿಂದಿಂದ ಹಗ್ಗ ಕಟ್ಟಿ ಜಗ್ಗಿ ಜಗ್ಗಿ ಬಿಟ್ಟಂಗೆ. ಪಿಕಪ್ ಗಾಡಿಗೇ ಪಿಕಪ್ ಇಲ್ಲ ಅಂತ ಮನೇಲಿ ನಗೋರು. ನ್ಯೂಟ್ರಲ್‌ನಲ್ಲಿ ನಿಲ್ಸಿ ರೇಸ್ ಮಾಡಿದ್ರೆ ಒಂದೇ ಒಂದು ಮಿಸ್ ಇಲ್ಲ, ಹೊಸ ಗಾಡಿ ಥರ. ಇದನ್ನ ನಾನು ಮೊದಲನೇ ದಿನಾನೇ ಮೆಕ್ಯಾನಿಕ್‌ಗೆ ಹೇಳ್ದೆ, ಅವ್ರು ಹೂಂ ಅಂದ್ರು ಅಷ್ಟೆ.

ಗಾಡಿ ಕಂಪ್ಯೂಟರ್ ಓದೋ ಸ್ಕ್ಯಾನರ್ ಹಾಕಿದ್ರು, ಪಿ0300 ಅನ್ನೋ ಕೋಡ್ ಬಂತು. ‘ನೋಡಿ, ಮಿಸ್‌ಫೈರ್ ಅಂತ ಕಂಪ್ಯೂಟರೇ ಹೇಳ್ತಿದೆ, ಪ್ಲಗ್ಗು ವೈರು ಹೋಗಿದೆ.’ ನಾನೂ ನಂಬಿದೆ. ಆಮೇಲೆ ತಿಳ್ಕೊಂಡಿದ್ದು ಏನಂದ್ರೆ ಪಿ0301, 0302, 0303, 0304 ಅಂತ ಬಂದ್ರೆ ಕೊನೇ ನಂಬರ್ ಯಾವ ಸಿಲಿಂಡರ್ ಅನ್ನೋದು, 0300 ಅಂದ್ರೆ ಇಂಥದ್ದೇ ಸಿಲಿಂಡರ್ ಅಂತಿಲ್ಲ ಅಲ್ಲಲ್ಲಿ ತಪ್ತಿದೆ ಅಂತ. ಯಾಕೆ ತಪ್ತಿದೆ ಅನ್ನೋದನ್ನ ಈ ಯಾವ ಕೋಡೂ ಹೇಳಲ್ಲ. ಇನ್ನೊಂದು ವಿಷಯ, ತುಂಬಾ ಜನಕ್ಕೆ ಗೊತ್ತಿಲ್ಲ: ಈ ಕಂಪ್ಯೂಟರ್ ಸಿಲಿಂಡರ್ ಒಳಗೆ ಇಣುಕಿ ಏನೂ ನೋಡಲ್ಲ, ಸಾಮಾನ್ಯವಾಗಿ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸೋ ಎಂಜಿನ್ ಶಾಫ್ಟು) ತಿರುಗೋ ಸ್ಪೀಡಲ್ಲಿ ಸಣ್ಣ ಏರುಪೇರು ಕಂಡ್ರೆ ಮಿಸ್‌ಫೈರ್ ಅಂತ ಲೆಕ್ಕ ಹಾಕುತ್ತೆ. ಹಂಗಾಗಿ ಕೆಳಗಡೆ ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯೋ ಪ್ರೊಪೆಲರ್ ಶಾಫ್ಟ್ ಲೈನಲ್ಲಿ ಜರ್ಕ್ ಹೊಡೆದ್ರೂ, ತೀರಾ ಹಾಳು ರೋಡಲ್ಲಿ ಹೋದ್ರೂ ಒಮ್ಮೊಮ್ಮೆ ಇದೇ ಕೋಡ್ ಬೀಳಬಹುದು.

ಪ್ಲಗ್ ಬಿಚ್ಚಿದ ದಿನ ನಾನು ಅಲ್ಲೇ ಇದ್ದೆ. ನಾಲ್ಕೂ ಪ್ಲಗ್ ಮಡ್‌ಗಾರ್ಡ್ ಮೇಲೆ ಸಾಲಾಗಿ ಇಟ್ರು. ನಾಲ್ಕೂ ಒಂದೇ ಥರ, ತುದೀಲಿ ಒಣಗಿದ ಮಣ್ಣಿನ ಬಣ್ಣ, ಯಾವುದೂ ಒದ್ದೆ ಇಲ್ಲ, ಯಾವುದಕ್ಕೂ ಮಸಿ ಹತ್ತಿಲ್ಲ. ಒಂದು ಸಿಲಿಂಡರ್ ಸರಿಯಾಗಿ ಉರೀತಿಲ್ಲ ಅಂದ್ರೆ ಆ ಪ್ಲಗ್ ಸಾಮಾನ್ಯವಾಗಿ ಬೇರೆ ಮೂರರ ಥರ ಇರಲ್ಲ, ಎದ್ದು ಕಾಣುತ್ತೆ. ಅವತ್ತು ಆ ನಾಲ್ಕು ಪ್ಲಗ್ ‘ನಾವು ಚೆನ್ನಾಗಿದೀವಪ್ಪಾ’ ಅಂತ ಕೂಗಿ ಹೇಳ್ತಿದ್ವು, ಅವ್ರು ನೋಡ್ದೇನೇ ಡಬ್ಬಕ್ಕೆ ಹಾಕಿದ್ರು, ನಾನು ಸುಮ್ನೆ ನಿಂತಿದ್ದೆ.

ಹಿಂಗೆ ಒಂದೊಂದೇ ಹೊಸದಾಯ್ತು: ಪ್ಲಗ್, ಪ್ಲಗ್ ವೈರ್, ಡಿಸ್ಟ್ರಿಬ್ಯೂಟರ್ ಕ್ಯಾಪು ರೋಟರ್ರು, ಆಮೇಲೆ ಕಾಯಿಲ್ (ಕಿಡಿಗೆ ಬೇಕಾದ ವೋಲ್ಟೇಜ್ ಕೊಡೋದು). ಅದಾದ್ಮೇಲೆ ಫ್ಯೂಯಲ್ ಫಿಲ್ಟರ್, ಪೆಟ್ರೋಲ್ ಸಿಂಪಡಿಸೋ ಇಂಜೆಕ್ಟರ್ ಕ್ಲೀನಿಂಗ್. ಮಧ್ಯದಲ್ಲಿ ಸೆಲ್ಫ್ ನಿಧಾನ ತಿರುಗ್ತಿದೆ ಅಂತ ಬ್ಯಾಟರಿ ಬೇರೆ ಹೊಸದು. ಅವ್ರನ್ನ ಪೂರ್ತಿ ಬೈಯ್ಯಂಗೂ ಇಲ್ಲ, ಲೋಡಲ್ಲಿ ಮಾತ್ರ ಮಿಸ್ ಆದ್ರೆ ಮೊದಲು ಕರೆಂಟ್ ಕಡೆ ಅನುಮಾನ ಹೋಗೋದು ಸಹಜ, ಯಾಕಂದ್ರೆ ಆಕ್ಸಿಲರೇಟರ್ ಒತ್ತಿದಷ್ಟೂ ಸಿಲಿಂಡರ್ ಒಳಗೆ ಒತ್ತಡ ಜಾಸ್ತಿ, ಆ ಒತ್ತಡದಲ್ಲಿ ಕಿಡಿ ಹಾರಬೇಕಂದ್ರೆ ವೋಲ್ಟೇಜೂ ಜಾಸ್ತಿ ಬೇಕು, ವೈರ್ ಎಲ್ಲಾದ್ರೂ ಒಡೆದಿದ್ರೆ ಅಲ್ಲೇ ಸೋರಿ ಹೋಗುತ್ತೆ. ಆದ್ರೆ ಅದನ್ನ ನೋಡೋಕೆ ಹೊಸ ವೈರ್ ತರ್ಬೇಕಾಗಿಲ್ಲ. ರಾತ್ರಿ ಕತ್ತಲಲ್ಲಿ ಬಾನೆಟ್ ತೆಗೆದು ಎಂಜಿನ್ ಓಡ್ತಿರುವಾಗ ವೈರ್ ಮೇಲೆ ಸ್ವಲ್ಪ ನೀರು ಸ್ಪ್ರೇ ಮಾಡಿ ದೂರ ನಿಂತು ನೋಡಿದ್ರೆ ಸೋರ್ತಿರೋ ಕಡೆ ನೀಲಿ ಕಿಡಿ ಕಾಣುತ್ತೆ. ಕೈ ಹಾಕ್ಬೇಡಿ ಮತ್ತೆ, ಸಾವಿರಾರು ವೋಲ್ಟ್. ಹಂಗೇ ವೈರ್ ಒಂದೊಂದೇ ಕಿತ್ತು ನೋಡೋ ಹಳೇ ಅಭ್ಯಾಸಾನೂ ಇಂಜೆಕ್ಷನ್ ಗಾಡೀಲಿ ಬೇಡ, ಉರೀದೇ ಇರೋ ಪೆಟ್ರೋಲ್ ಸೀದಾ ಸೈಲೆನ್ಸರ್ ಲೈನಿಗೆ ಹೋಗುತ್ತೆ. ಅದರ ಬದ್ಲು ಇಂಜೆಕ್ಟರ್ ಕನೆಕ್ಟರ್ ಒಂದೊಂದೇ ತೆಗೆದು ನೋಡ್ಬಹುದು, ಯಾವ್ದನ್ನ ತೆಗೆದ್ರೂ ಎಂಜಿನ್ ಸದ್ದು ಬದಲಾಗಲ್ವೋ ಆ ಸಿಲಿಂಡರ್ ಮೊದಲೇ ಸತ್ತಿದೆ ಅಂತ.

ಧಡ್ ಮಾತ್ರ ಹಂಗೇ ಇತ್ತು. ಅದಕ್ಕೆ ಇನ್ನೊಂದು ಗ್ಯಾರೇಜು. ಇವ್ರು ಗಾಡಿ ಕೆಳಗೆ ಹೋಗ್ದೇನೇ ‘ಪ್ರೊಪೆಲರ್ ಕ್ರಾಸ್ ಹೋಗಿದೆ’ ಅಂದ್ರು. ಕ್ರಾಸ್ ಅಂದ್ರೆ ಆ ಶಾಫ್ಟ್ ತುದೀಲಿರೋ ಬಾಗೋ ಜಾಯಿಂಟು. ಹಳೇ ಪಿಕಪ್ಪಲ್ಲಿ ಧಡ್ ಅಂದ್ರೆ ಎಷ್ಟೋ ಸಲ ಕ್ರಾಸೇ ಇರುತ್ತೆ, ನಿಜ. ಆದ್ರೆ ನೋಡೋಕೆ ಎರಡು ನಿಮಿಷ ಸಾಕು: ಚಕ್ರಕ್ಕೆ ಕಲ್ಲು ಕೊಟ್ಟು, ನ್ಯೂಟ್ರಲ್‌ಗೆ ಹಾಕಿ, ಶಾಫ್ಟ್ ಕೈಯಲ್ಲಿ ಹಿಡ್ಕೊಂಡು ಆಕಡೆ ಈಕಡೆ ತಿರುಚಿ, ಮೇಲೆ ಕೆಳಗೆ ಅಲ್ಲಾಡಿಸಿ. ಕ್ರಾಸಲ್ಲೇ ಆಟ (ಸಡಿಲ) ಇದ್ರೆ ಕೈಗೆ ಗೊತ್ತಾಗುತ್ತೆ, ಎಷ್ಟೋ ಸಲ ಕಪ್ ಸುತ್ತ ಕೆಂಪು ತುಕ್ಕಿನ ಪುಡಿ ಕೂತಿರುತ್ತೆ. ಶಾಫ್ಟ್ ಹಿಂದೆ ಮುಂದೆ ಜಾರೋ ಸ್ಲಿಪ್ ಜಾಯಿಂಟಲ್ಲಿ ಗ್ರೀಸ್ ಒಣಗಿದ್ರೂ ಹೊರಡುವಾಗ ಧಡ್ ಅನ್ನುತ್ತೆ, ಅದಕ್ಕೆ ಗ್ರೀಸ್ ಹೊಡೆದ್ರೆ ಮುಗೀತು. ನನ್ನ ಗಾಡೀಲಿ ಪುಡೀನೂ ಇರ್ಲಿಲ್ಲ ಆಟಾನೂ ಇರ್ಲಿಲ್ಲ, ಆದ್ರೂ ಎರಡೂ ಕ್ರಾಸ್ ಹೊಸದಾಯ್ತು, ಮನೆಗೆ ಬರುವಾಗ ಮೊದಲನೇ ತಿರುವಲ್ಲೇ ಧಡ್.

ಕೊನೆಗೆ ಕಂಡುಹಿಡಿದಿದ್ದು ನನ್ನ ತಮ್ಮ, ಅವನಿಗೆ ಗಾಡಿ ರಿಪೇರಿ ಬಗ್ಗೆ ಏನೂ ಗೊತ್ತಿಲ್ಲ. ಬಾನೆಟ್ ತೆಗ್ದಿತ್ತು, ನಾನು ಗಾಡಿ ಸ್ವಲ್ಪ ಹಿಂದೆ ಸರಿಸ್ತಿದ್ದೆ, ಅವನು ಪಕ್ಕದಲ್ಲಿ ನಿಂತಿದ್ದ.

‘ಅಣ್ಣಾ, ಎಂಜಿನ್ ಯಾಕೆ ಹಿಂಗೆ ಎದ್ದು ಕೂರುತ್ತೆ?’

ಅವನನ್ನ ಸೀಟಿಗೆ ಹತ್ತಿಸಿ ನಾನು ಕೆಳಗಿಳಿದೆ. ಚಕ್ರಕ್ಕೆ ಹಿಂದೆ ಮುಂದೆ ಕಲ್ಲು, ಹ್ಯಾಂಡ್‌ಬ್ರೇಕ್, ಬ್ರೇಕ್ ಪೆಡಲ್ ಪೂರ್ತಿ ಒತ್ತಿ ಹಿಡಿದು ಫಸ್ಟ್ ಗೇರಲ್ಲಿ ಒಂದೇ ಕ್ಷಣ ಹಾಫ್ ಕ್ಲಚ್. ನಾನು ಪಕ್ಕದಲ್ಲಿ ನಿಂತು ನೋಡ್ದೆ. (ಗಾಡಿ ಮುಂದೆ ಹಿಂದೆ ಯಾರೂ ನಿಲ್ಲಬಾರದು, ಬ್ರೇಕ್ ಜಾರಿದ್ರೆ ಕಥೆ ಮುಗೀತು.) ಒಂದು ಸೈಡಿಂದ ಎಂಜಿನ್ ಮೂರು ಬೆರಳಷ್ಟು ಮೇಲೆ ಎದ್ದು, ಕ್ಲಚ್ ಒತ್ತಿದ ಕೂಡ್ಲೇ ಧಡ್ ಅಂತ ಕೂತ್ಕೊಳ್ತು. ಅದೇ ಸದ್ದು. ಮೂರು ತಿಂಗಳು ಚಾಸಿ ಕೆಳಗೆ ಹುಡುಕಿದ್ದು ಮೂಗಿನ ಕೆಳಗೇ ಇತ್ತು.

ಎಂಜಿನ್ನನ್ನ ಚಾಸಿ ಮೇಲೆ ಹಿಡಿದು ಕೂರಿಸೋ ರಬ್ಬರ್ ಮೌಂಟಿಂಗ್, ಕೆಲವರು ಫೌಂಡೇಶನ್ ಅಂತಾರಲ್ಲ, ಅದು ಹರಿದು ಎರಡು ತುಂಡು. ನಿಂತಿದ್ದಾಗ ಎಂಜಿನ್ ಭಾರಕ್ಕೇ ಎರಡೂ ತುಂಡು ಒತ್ಕೊಂಡು ಕೂತಿರುತ್ತೆ, ಮೇಲಿಂದ ಇಣುಕಿದ್ರೆ ಸರಿಯಾಗೇ ಇದೆ ಅನ್ಸುತ್ತೆ. ಬಿಚ್ಚಿ ಕೈಗೆ ತಗೊಂಡ್ರೆ ಮೇಲಿನ ಪ್ಲೇಟ್ ಬೇರೆ ಕೆಳಗಿಂದು ಬೇರೆ, ಮಧ್ಯದ ರಬ್ಬರ್ ಆಯಿಲ್ ಕುಡಿದು ಉಬ್ಬಿ ಉಗುರಲ್ಲಿ ಒತ್ತಿದ್ರೆ ಗುರುತು ಹಾಗೇ ಉಳಿಯೋದು. ಆಯಿಲ್ ಎಲ್ಲಿಂದ ಅಂದ್ರೆ ನೇರ ಮೇಲೆ ಟ್ಯಾಪೆಟ್ ಕವರ್ (ಎಂಜಿನ್ ತಲೆ ಮೇಲಿನ ಮುಚ್ಚಳ) ಪ್ಯಾಕಿಂಗ್ ಸೋರ್ತಿತ್ತು. ವರ್ಷದಿಂದ ಸೋರ್ತಿತ್ತು, ಹಳೇ ಗಾಡಿ ಅಲ್ವಾ ಸ್ವಲ್ಪ ಸೋರುತ್ತೆ ಬಿಡು ಅಂದ್ಕೊಂಡಿದ್ದೆ. ಪ್ಯಾಕಿಂಗ್ ಬಿಟ್ಟು ಬರೀ ಮೌಂಟಿಂಗ್ ಹಾಕಿದ್ರೆ ಹೊಸದೂ ಅದೇ ಗತಿ, ಎರಡನ್ನೂ ಒಟ್ಟಿಗೆ ಹಾಕಿಸಿ.

ಮತ್ತೆ ಮಿಸ್ಸಿಂಗ್? ಅದೂ ಇದೇನೇ. ನನ್ನ ಗಾಡೀಲಿ ಬ್ಯಾಟರಿ ಮೈನಸ್ ಬಾಡಿಗೆ ಹೋಗುತ್ತೆ, ಬಾಡಿಯಿಂದ ಎಂಜಿನ್‌ಗೆ ಹೆಣೆದ ತಾಮ್ರದ ಅರ್ಥ್ ಪಟ್ಟಿ ಒಂದಿದೆ, ಎಂಜಿನ್‌ನಿಂದ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗೋ ದಾರಿ ಅದು. ಎಂಜಿನ್ ಎದ್ದಾಗೆಲ್ಲಾ ಅದು ಬಿಗಿಯಾಗಿ ಎಳ್ಕೊಂಡು ಎಳ್ಕೊಂಡು ಎಳೆಗಳು ಕಿತ್ತುಹೋಗಿ ಹಸಿರುಗಟ್ಟಿ ಐದಾರು ಎಳೆ ಮೇಲೆ ನಿಂತಿತ್ತು. ಏರಲ್ಲಿ ಆಕ್ಸಿಲರೇಟರ್ ಒತ್ತಿದ್ರೆ ಎಂಜಿನ್ ಏಳುತ್ತೆ, ಪಟ್ಟಿ ಕನೆಕ್ಷನ್ ಬಿಡುತ್ತೆ, ಕಿಡಿ ಹೋಗುತ್ತೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಹಂಗೆ ಏಳಲ್ಲ, ಅದಕ್ಕೇ ಮಿಸ್ ಇಲ್ಲ. ಸೆಲ್ಫ್ ನಿಧಾನ ಆಗಿದ್ದೂ ಇದಕ್ಕೇ, ಬ್ಯಾಟರಿ ಪಾಪ ಏನು ಮಾಡುತ್ತೆ. ಮಲ್ಟಿಮೀಟರ್ ಇದ್ರೆ ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಎಂಜಿನ್ ಬ್ಲಾಕ್‌ಗೆ ಇಟ್ಟು ಸೆಲ್ಫ್ ಹೊಡೆಸಿ ನೋಡಿ, ಅರ್ಧ ವೋಲ್ಟ್ ದಾಟಿದ್ರೆ ಅರ್ಥ್ ಸರಿ ಇಲ್ಲ. ನಂದು 2 ವೋಲ್ಟ್ ಹತ್ತಿರ ತೋರಿಸ್ತು.

ಮೌಂಟಿಂಗು, ಪ್ಯಾಕಿಂಗು, ಪಟ್ಟಿ, ಒಂದೇ ಮಧ್ಯಾಹ್ನದ ಕೆಲಸ. ಧಡ್ ಹೋಯ್ತು, ಮಿಸ್ಸಿಂಗ್ ಹೋಯ್ತು. ಆದ್ರೆ ಗಾಡಿ ಎಳೀತಿಲ್ಲ, 3000 ಆರ್‌ಪಿಎಂ ಮೇಲೆ ಉಸಿರು ಕಟ್ಟಿದಂಗೆ. ಇದು ನನ್ನ ಸ್ವಂತ ಸಾಧನೆ. ಎರಡು ತಿಂಗಳಿಂದ ಏರಲ್ಲಿ ಡ್ಯಾಶ್‌ಬೋರ್ಡಿನ ಎಂಜಿನ್ ಚೆಕ್ ಲೈಟ್ ಮಿಣುಕ್ತಾ ಇತ್ತು, ಹೆಂಗೂ ಲೈಟ್ ಉರೀತಾನೇ ಇತ್ತಲ್ಲ ಅಂತ ನಾನು ತಲೆ ಕೆಡಿಸ್ಕೊಳ್ಳಲಿಲ್ಲ. ಸುಮ್ನೆ ಉರಿದ್ರೆ ಒಂದು ಅರ್ಥ, ಮಿಣುಕಿದ್ರೆ ಬೇರೆ ಅರ್ಥ ಸ್ವಾಮಿ: ಕ್ಯಾಟಲಿಟಿಕ್ ಕನ್ವರ್ಟರ್ (ಸೈಲೆನ್ಸರ್ ಲೈನಲ್ಲಿ ಹೊಗೆ ಶುದ್ಧ ಮಾಡೋದು) ಹಾಳಾಗೋವಷ್ಟು ಮಿಸ್ ಆಗ್ತಿದೆ, ಆಕ್ಸಿಲರೇಟರ್ ಬಿಡು, ಗಾಡಿ ಸೈಡಿಗೆ ಹಾಕು ಅಂತ. ಸಿಲಿಂಡರಲ್ಲಿ ಉರೀದೇ ಇರೋ ಪೆಟ್ರೋಲ್ ಕನ್ವರ್ಟರ್ ಒಳಗೆ ಹೋಗಿ ಉರಿಯುತ್ತೆ, ಒಳಗಿರೋ ಜೇನುಗೂಡಿನ ಥರದ ಸೆರಾಮಿಕ್ ಕರಗಿ ಮುಚ್ಕೊಳುತ್ತೆ. ತಣ್ಣಗಿದ್ದಾಗ ಮುಷ್ಟೀಲಿ ತಟ್ಟಿದೆ, ಒಳಗೆ ಜಲ್ಲಿಕಲ್ಲು ಅಲ್ಲಾಡಿದಂಗೆ ಗಲಗಲ ಅಂತು. ಮಿಕ್ಕಿದ್ದೆಲ್ಲಾ ಸೇರಿಸಿದ್ರೂ ಅಷ್ಟು ಖರ್ಚಾಗಿರಲಿಲ್ಲ, ಇದೊಂದೇ ಅದಕ್ಕಿಂತ ಜಾಸ್ತಿ ಆಯ್ತು.

ಮೆಕ್ಯಾನಿಕ್ ಹತ್ರ ಹೋದಾಗ ‘ಏನು ಹೋಗಿದೆ’ ಅಂತ ಕೇಳ್ಬೇಡಿ, ‘ಹೆಂಗೆ ಗೊತ್ತಾಯ್ತು, ತೋರಿಸಿ’ ಅಂತ ಕೇಳಿ, ಬಿಚ್ಚಿದ ಹಳೇ ಸಾಮಾನು ವಾಪಸ್ ಇಸ್ಕೊಳಿ. ನಾನು ಪ್ಲಗ್ ಡಬ್ಬಕ್ಕೆ ಹೋಗೋಕೆ ಬಿಟ್ಟೆ, ಅದೃಷ್ಟಕ್ಕೆ ಕಾಯಿಲ್ಲೂ ವೈರೂ ಸೀಟ್ ಹಿಂದೆ ಉಳ್ಕೊಂಡಿತ್ತು. ಹೋದ ವಾರ ನೋಡೇ ಬಿಡೋಣ ಅಂತ ಆ ಹಳೇ ಕಾಯಿಲ್, ಹಳೇ ವೈರ್ ವಾಪಸ್ ಹಾಕಿ ಲೋಡ್ ಸಮೇತ ಅದೇ ಏರು ಹತ್ತಿಸ್ದೆ. ಒಂದು ಸಲಾನೂ ಮಿಸ್ ಆಗ್ಲಿಲ್ಲ, ಈಗ ಅವೇ ಗಾಡೀಲಿವೆ.