ಅಜ್ಜನ ಕಿವಿ ಮಿಷನ್: ಅಮೆರಿಕದ್ದಾ, ಆನ್‌ಲೈನಾ, ಊರಿನದ್ದಾ?
ದಾವಣಗೆರೆಯಿಂದ ಒಬ್ಬರು ಕೇಳಿದ್ದಾರೆ: ಅಜ್ಜನಿಗೆ ಕಿವಿ ಮಂದ, ಅಮೆರಿಕದ ಚಿಕ್ಕಪ್ಪ ಕಾಸ್ಟ್ಕೊ ಅಂಗಡಿಯ ಮಿಷನ್ ಕಳಿಸುತ್ತಾರಂತೆ, ತರಿಸೋಣವಾ?

ದುಡ್ಡಿನ ಲೆಕ್ಕದಲ್ಲಿ ಆನ್‌ಲೈನಿನದ್ದೇ ಅಗ್ಗ. ಆದರೆ ಅಗ್ಗದವು ಹೆಚ್ಚಾಗಿ ಸುಮ್ನೆ ಸದ್ದು ಜೋರು ಮಾಡುತ್ತವೆ. ಮಂಡಕ್ಕಿ-ಮೆಣಸಿನಕಾಯಿ ಅಂಗಡಿ ಮುಂದೆ ಕೂತರೆ ಮಾತಿನ ಜೊತೆ ಬಾಣಲೆಯ ಚರಚರವೂ ಜೋರು! ಕ್ಲಿನಿಕ್ಕಿನಲ್ಲಿ ಆಡಿಯೋಗ್ರಾಂ (ಕಿವಿ ಪರೀಕ್ಷೆಯ ನಕ್ಷೆ) ತೆಗೆದು, ಯಾವ ಸ್ವರ ಎಷ್ಟು ಕೇಳುತ್ತಿಲ್ಲವೋ ಅದಕ್ಕೆ ತಕ್ಕಂತೆ ಸೆಟ್ ಮಾಡುತ್ತಾರೆ. ಖರ್ಚು ಜಾಸ್ತಿ, ನಿಜ.

ಕಾಸ್ಟ್ಕೊ ತನ್ನದೇ ಕರ್ಕ್‌ಲ್ಯಾಂಡ್ ಹೆಸರಿನಲ್ಲಿ ಮಾರುತ್ತಿದ್ದ ಜೋಡಿಗೆ ಸುಮಾರು 1,400 ಡಾಲರ್. ಅಲ್ಲಿಗೆ ಅದು ಅಗ್ಗವೇ. ಆದರೆ ಆ ಹೆಸರಿನದು ನಿಂತುಹೋಗಿದೆ, ಈಗ ಬೇರೆ ಬ್ರಾಂಡುಗಳು. ಅಂಗಡಿ ಹೆಸರಿನ ಮಾಲಿನ ಕಷ್ಟವೇ ಇದು: ತಯಾರಿಸುವವರು ಬೇರೆ, ಯಾವಾಗ ನಿಲ್ಲುತ್ತದೋ ಗೊತ್ತಾಗದು. ಸೆಟ್ಟಿಂಗ್ ಬದಲಿಸಬೇಕಾದರೆ ಇಲ್ಲಿ ಯಾರ ಹತ್ತಿರ ಹೋಗುತ್ತೀರಿ? ಅಜ್ಜ ವರ್ಷದಲ್ಲಿ ಆರು ತಿಂಗಳು ಅಲ್ಲೇ ಇರುವವರಾದರೆ ಮಾತು ಬೇರೆ. ಇಲ್ಲೇ ಇರುವವರಾದರೆ ಊರಿನ ಕ್ಲಿನಿಕ್ಕೇ ವಾಸಿ ಅಂತೀನಿ.

ಬೆರಳು ನಡುಗುತ್ತದೆಯೇ? 312 ನಂಬರಿನ ಸಣ್ಣ ಸೆಲ್ಲಿನ ಮಿಷನ್ ಬೇಡ, 13 ನಂಬರಿನ ಸೆಲ್ಲಿನದ್ದು ಕೇಳಿ; ನಂಬರ್ ಚಿಕ್ಕದಾದರೂ ಆ ಸೆಲ್ ದೊಡ್ಡದು. ಚಾರ್ಜ್ ಮಾಡುವಂಥದ್ದಾದರೆ ಇನ್ನೂ ಸಲೀಸು.

60 ದಾಟಿದ ಬಿಪಿಎಲ್ ಕುಟುಂಬದವರಾದರೆ ಮೊದಲು ರಾಷ್ಟ್ರೀಯ ವಯೋಶ್ರೀ ಯೋಜನೆಯ ಶಿಬಿರ ವಿಚಾರಿಸಿ. ಅಲ್ಲಿ ಮಿಷನ್ ಉಚಿತ.