ಔಷಧ ಗೋಡೌನಿಗೆ ಸಾಫ್ಟ್‌ವೇರ್: ನಮ್ಮ 3,48,000 ರೂಪಾಯಿಯ ಲೆಕ್ಕ

"ಗೋಡೌನಿಗೆ ಸಾಫ್ಟ್‌ವೇರ್ ಹಾಕಿಸೀರಂತ, ರೊಕ್ಕ ಹುಟ್ಟಿತೇನ್ರಿ ಅಕ್ಕಾರ?" ನಮ್ಮ ಲೈನಿನ ಬೇರೆ ಔಷಧ ವ್ಯಾಪಾರಿಗಳು ಒಂದೂವರೆ ವರ್ಷದಿಂದ ಕೇಳುತ್ತಲೇ ಇದ್ದಾರೆ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಹುಬ್ಬಳ್ಳಿಯಲ್ಲಿ ನಮ್ಮದು ಔಷಧಗಳ ಸಗಟು ವ್ಯಾಪಾರ. ಮಾವನವರು ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತೇನೆ. ಸುಮಾರು 4,200 ಐಟಂ ಇಡುತ್ತೇವೆ. ಕುಂದಗೋಳ, ಕಲಘಟಗಿ, ನವಲಗುಂದ, ಅಣ್ಣಿಗೇರಿ ಕಡೆಯ ಮೆಡಿಕಲ್ ಅಂಗಡಿಯವರು ನಮ್ಮ ಗಿರಾಕಿಗಳು. ಬಿಲ್ಲು ಮೊದಲಿನಿಂದಲೂ ಕಂಪ್ಯೂಟರಿನಲ್ಲೇ. ಒಟ್ಟು ಮಾಲು ಎಷ್ಟಿದೆ ಎಂದು ಅದು ಹೇಳುತ್ತಿತ್ತು. ಅದು ಯಾವ ರ‍್ಯಾಕಿನಲ್ಲಿದೆ, ಯಾವ ಬ್ಯಾಚು (ಒಂದೇ ಸಲ ತಯಾರಾದ, ಒಂದೇ ಎಕ್ಸ್‌ಪೈರಿಯ ಮಾಲು) ಹಿಂದೆ ಬಿದ್ದಿದೆ ಎಂಬುದೆಲ್ಲ ಇದ್ದದ್ದು ನಮ್ಮ ಕಾಕಾ ಅವರ ತಲೆಯಲ್ಲಿ. ಗೋಡೌನ್ ನೋಡಿಕೊಂಡು 26 ವರ್ಷವಾಗಿದೆ ಅವರಿಗೆ. ಕರೆಂಟ್ ಹೋದರೂ ಕೈ ಚಾಚಿದಲ್ಲೇ ಡಬ್ಬಿ ಸಿಗುತ್ತಿತ್ತು.

2023ರ ದೀಪಾವಳಿ ಮುಂದೆ ಕಾಕಾ ಅವರಿಗೆ ಡೆಂಗಿ ಆಯಿತು, 12 ದಿನ ಬರಲಿಲ್ಲ. ಆ 12 ದಿನ ನಾವು ಪಟ್ಟ ಪಾಡು ಹೇಳತೀರದು. ಒಂದು ಸಂಜೆ ನಮ್ಮ ಹುಡುಗ ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ 500 ಮಿಲಿಗ್ರಾಂ ಕೇಳಿದವರಿಗೆ 1000 ಹಾಕಿ ಅಣ್ಣಿಗೇರಿ ಬಸ್ಸಿಗೆ ಪಾರ್ಸೆಲ್ ಏರಿಸಿಬಿಟ್ಟ. ಎರಡೂ ಒಂದೇ ಕಂಪನಿಯವು, ಡಬ್ಬಿಯ ಬಣ್ಣವೂ ಒಂದೇ, ಮೂಲೆಯಲ್ಲಿನ ಅಂಕಿ ಮಾತ್ರ ಬೇರೆ. ಅಂಗಡಿಯವರು ನೋಡಿ ಫೋನ್ ಮಾಡಿದ್ದಕ್ಕೆ ಬಚಾವಾದೆವು. ಅವರು ನೋಡದೇ ಮಾರಿಬಿಟ್ಟಿದ್ದರೆ ಎಂದು ನೆನೆದು ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಯಾವ ಬ್ಯಾಚು ಎಲ್ಲಿದೆ, ಯಾವುದು ಮೊದಲು ಹೊರಗೆ ಹೋಗಬೇಕು ಎಂದು ತೋರಿಸುವ ಈ ಸಾಫ್ಟ್‌ವೇರ್ ಮಾರಲು ಬಂದವರು ಇಬ್ಬರು ಆಳು ಕಡಿಮೆಯಾಗುತ್ತಾರೆ, ಹಾಕಿದ ದುಡ್ಡು 6 ತಿಂಗಳಲ್ಲಿ ಬರುತ್ತದೆ ಎಂದರು. ಎರಡೂ ಆಗಲಿಲ್ಲ. ಒಬ್ಬ ಆಳನ್ನೂ ನಾನು ಬಿಡಿಸಿಲ್ಲ, ಬಿಡಿಸುವ ಇಚ್ಛೆಯೂ ಇರಲಿಲ್ಲ. ಸಂಬಳ ಉಳಿಸುವ ಲೆಕ್ಕದಲ್ಲಿ ಇದನ್ನು ಕೊಂಡರೆ ಖಂಡಿತ ನಿರಾಸೆಯಾಗುತ್ತದೆ. ನಮ್ಮ ದುಡ್ಡು ಸೋರುತ್ತಿದ್ದದ್ದು ಬೇರೆ ಕಡೆ.

ಅದೆಲ್ಲಿ ಎಂದು ತಿಳಿಯಲು ಕೊಳ್ಳುವ ಮೊದಲೇ, 2024ರ ಜನವರಿಯಿಂದ ಮಾರ್ಚ್‌ವರೆಗೆ ಒಂದು ನೋಟ್‌ಬುಕ್ ಇಟ್ಟೆ. ನಷ್ಟವಾಗಿ ಹೋದ ಮಾಲೆಲ್ಲ ಅದರಲ್ಲಿ ಬರೆಸಿದೆ. ಮೂರು ತಿಂಗಳಲ್ಲಿ, ವಾಪಸ್ ಕಳಿಸುವ ಗಡುವು ದಾಟಿದ ಎಕ್ಸ್‌ಪೈರಿ ಮಾಲು 58,000 ರೂಪಾಯಿಯದು. ಎಣಿಸಿದಾಗ ಸಿಗದ ಮಾಲು 23,000ದ್ದು. ವರ್ಷಕ್ಕೆ ಹಿಡಿದರೆ 3,24,000. ನಮ್ಮ ವ್ಯಾಪಾರದಲ್ಲಿ ಎಕ್ಸ್‌ಪೈರಿಯೇ ದೊಡ್ಡ ಶತ್ರು. ಎಕ್ಸ್‌ಪೈರಿ ಮಾಲು ವಾಪಸ್ ಕಳಿಸಿದರೆ ಕಂಪನಿಯವರು ಕ್ರೆಡಿಟ್ ನೋಟ್ ಕೊಟ್ಟು ದುಡ್ಡು ಜಮಾ ಮಾಡುತ್ತಾರೆ ನಿಜ, ಆದರೆ ಅವರು ಹೇಳಿದ ಅವಧಿಯೊಳಗೆ ಡಬ್ಬಿ ಅವರ ಕೈ ಸೇರಬೇಕು. ರ‍್ಯಾಕಿನ ಹಿಂದೆ ಕುಳಿತ ಆರು ಸಿರಪ್ ಬಾಟಲಿ ಕಣ್ಣಿಗೆ ಬೀಳುವಷ್ಟರಲ್ಲಿ ಆ ಅವಧಿ ಮುಗಿದಿರುತ್ತದೆ. ನಾಶ ಮಾಡಿದ ಮಾಲಿನ ಮೇಲೆ ಪಡೆದಿದ್ದ ಜಿಎಸ್‌ಟಿ ಕ್ರೆಡಿಟ್ಟನ್ನೂ (ಕೊಂಡಾಗ ಕೊಟ್ಟ ತೆರಿಗೆಗೆ ಸಿಕ್ಕ ಕಡಿತವನ್ನು) ತಿರುಗಿ ಕಟ್ಟಬೇಕು, ಅದು ಬೇರೆ.

ಖರ್ಚಿನ ವಿವರ ಇದು, ಜಿಎಸ್‌ಟಿ ಬಿಟ್ಟು: ಹಾಕಿಕೊಟ್ಟು ಕಲಿಸಿದ್ದಕ್ಕೆ 1,20,000, ವರ್ಷದ ಲೈಸೆನ್ಸ್ 84,000, ನಾಲ್ಕು ಸ್ಕ್ಯಾನರ್ 1,12,000, ಲೇಬಲ್ ಪ್ರಿಂಟರ್ 14,000, ವೈಫೈ 18,000. ಒಟ್ಟು 3,48,000. ಕೊಟೇಶನ್ನಿನಲ್ಲಿ ಇಲ್ಲದ ಖರ್ಚು ಇನ್ನೊಂದಿತ್ತು. ರ‍್ಯಾಕ್‌ಗಳಿಗೆ ನಂಬರ್ ಹಾಕಿ, ಪ್ರತಿ ಬ್ಯಾಚನ್ನೂ ಎಣಿಸಿ ಏರಿಸಲು ನಾಲ್ಕು ಭಾನುವಾರ ಹಿಡಿಯಿತು. ಎಂಟು ಜನ, ಊಟ ಗೋಡೌನಿನಲ್ಲೇ. ಮನೆಯಿಂದ ರೊಟ್ಟಿ, ಝುಣಕ ಕಟ್ಟಿಕೊಂಡು ಹೋಗುತ್ತಿದ್ದೆ.

2024ರ ಜುಲೈನಲ್ಲಿ ಶುರುವಾಯಿತು. ಈಗ ಹುಡುಗನ ಕೈಯಲ್ಲಿನ ಸ್ಕ್ಯಾನರ್ ರ‍್ಯಾಕ್ ನಂಬರ್ ತೋರಿಸುತ್ತದೆ, ಜೊತೆಗೆ ಯಾವ ಬ್ಯಾಚು ತೆಗೆಯಬೇಕೆಂಬುದನ್ನೂ. ಮೊದಲು ಬಂದದ್ದಲ್ಲ, ಮೊದಲು ಎಕ್ಸ್‌ಪೈರ್ ಆಗುವುದು ಮೊದಲು ಹೊರಗೆ. ಬೇರೆ ಡಬ್ಬಿಗೆ ಹಿಡಿದರೆ ಪರದೆ ಕೆಂಪಾಗಿ ಗುರ್ ಎನ್ನುತ್ತದೆ. ಬಂದ ಮೂರನೇ ವಾರದಲ್ಲೇ ಮೆಟ್‌ಫಾರ್ಮಿನ್ 1000ದ ಡಬ್ಬಿಗೆ ಹಾಗೆ ಗುರ್ ಎಂದಿತು. ಹುಡುಗ ಡಬ್ಬಿಯನ್ನು ಬೆಳಕಿಗೆ ಹಿಡಿದು ಅಂಕಿ ನೋಡಿ, ಸುಮ್ಮನೆ ಇದ್ದಲ್ಲಿಗೇ ಇಟ್ಟ. ನಾನು ಅಲ್ಲೇ ನಿಂತಿದ್ದೆ. ಆ ಕ್ಷಣಕ್ಕೆ ಬೆಲೆ ಕಟ್ಟಿ ಲೆಕ್ಕದಲ್ಲಿ ಸೇರಿಸಲು ನನಗೆ ಬರುವುದಿಲ್ಲ.

ಲೆಕ್ಕಕ್ಕೆ ಸಿಗುವುದನ್ನು ಹೇಳುತ್ತೇನೆ. ಮೊದಲ ವರ್ಷ ಎಕ್ಸ್‌ಪೈರಿಯಲ್ಲಿ ಹೋದದ್ದು 39,000, ಸಿಗದ ಮಾಲು 31,000. ಅಂದರೆ ಉಳಿದದ್ದು 2,54,000. ಖರ್ಚಿಗೆ ಹೋಲಿಸಿದರೆ ಮೊದಲ ವರ್ಷ 94,000 ಕೈಯಿಂದಲೇ ಹೋಗಿದೆ. ಎರಡನೇ ವರ್ಷದ ಖರ್ಚು ಲೈಸೆನ್ಸು, ಲೇಬಲ್ ರೋಲು ಸೇರಿ 95,000 ಮಾತ್ರ. ಉಳಿತಾಯ ಮೊದಲ ವರ್ಷದಷ್ಟೇ ಎಂದು ಹಿಡಿದು, ಈ ಖರ್ಚನ್ನು ತಿಂಗಳುಗಳಿಗೆ ಹಂಚಿದರೆ, ಹಾಕಿದ ದುಡ್ಡು ತಿರುಗಿ ಬರಲು ಸುಮಾರು 19 ತಿಂಗಳು ಬೇಕಾಯಿತು.

ತಡವಾಯಿತು ಎನ್ನುವವರು ನಮ್ಮ ಮಾರ್ಜಿನ್ ನೆನಪಿಸಿಕೊಳ್ಳಿ. ಸರ್ಕಾರ ಬೆಲೆ ಕಟ್ಟಿದ ಔಷಧಗಳಲ್ಲಿ ಸಗಟಿನವರಿಗೆ ಸಿಗುವುದು ನೂರಕ್ಕೆ 8, ಉಳಿದವುಗಳಲ್ಲಿ 10. ಅದರಲ್ಲೇ ಅಂಗಡಿಯವರಿಗೆ ಬಿಟ್ಟುಕೊಟ್ಟು, ಉದ್ರಿ ಕೊಟ್ಟು, ಬಡ್ಡಿ, ಗಾಡಿ, ಸಂಬಳ ಕಳೆದರೆ ನಮ್ಮ ಕೈಗೆ ಹತ್ತುವುದು ನೂರಕ್ಕೆ ಎರಡು. 2,54,000 ಗಳಿಸಬೇಕೆಂದರೆ 1 ಕೋಟಿ 27 ಲಕ್ಷದ ಮಾಲು ಹೆಚ್ಚಿಗೆ ಮಾರಬೇಕು. ಆ ವ್ಯಾಪಾರ ಎಲ್ಲಿಂದ ತರೋಣ?

2025ರ ಸೆಪ್ಟೆಂಬರ್ 22ರಂದು ಹೆಚ್ಚಿನ ಔಷಧಗಳ ಜಿಎಸ್‌ಟಿ ನೂರಕ್ಕೆ 12ರಿಂದ 5ಕ್ಕೆ ಇಳಿದಾಗಲೂ ಈ ಸಾಫ್ಟ್‌ವೇರ್ ಕೈ ಹಿಡಿಯಿತು. ಘಟಸ್ಥಾಪನೆಯ ದಿನ ಅದು. ಯಾವ ಬ್ಯಾಚು ಎಷ್ಟಿದೆ ಎಂಬ ಪಟ್ಟಿ ಹಿಂದಿನ ರಾತ್ರಿಯೇ ತೆಗೆದಿಟ್ಟಿದ್ದೆ. ಬೆಳಿಗ್ಗೆ ಪೂಜೆ ಮುಗಿಸಿ ಹೊಸ ದರದಲ್ಲಿ ಬಿಲ್ಲು ಹಾಕಿದೆವು.

ಕೊರತೆಗಳನ್ನು ಮುಚ್ಚಿಡುವುದಿಲ್ಲ. ಮಾಲು ಒಳಗೆ ತೆಗೆದುಕೊಳ್ಳುವ ಕೆಲಸಕ್ಕೆ ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. 2023ರ ಆಗಸ್ಟ್‌ನಿಂದ 300 ಬ್ರ್ಯಾಂಡ್‌ಗಳಿಗೆ ಬ್ಯಾಚು, ಎಕ್ಸ್‌ಪೈರಿ ಇರುವ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ, ಉಳಿದವುಗಳಲ್ಲಿ ಬಹಳಷ್ಟನ್ನು ನಾವೇ ಕೂತು ಟೈಪ್ ಮಾಡಿ ಲೇಬಲ್ ಹಚ್ಚಬೇಕು. 10ಕ್ಕೆ 1 ಫ್ರೀ ಬರುವ ಸ್ಕೀಮ್ ಮಾಲನ್ನು ಮೊದಲ ಮೂರು ವಾರ ಅದು 10 ಎಂದೇ ಎಣಿಸಿತು. ಸಂಜೆ 6ರ ನಂತರ ಸಾಫ್ಟ್‌ವೇರಿನವರು ಸಹಾಯಕ್ಕೆ ಫೋನ್ ಎತ್ತುವುದಿಲ್ಲ, ನಮ್ಮ ಪಾರ್ಸೆಲ್‌ಗಳು ಹೊರಡುವುದೇ ಆ ಹೊತ್ತಿಗೆ. ಇನ್ಸುಲಿನ್ ಇಡುವ ಫ್ರಿಜ್ 2ರಿಂದ 8 ಡಿಗ್ರಿಯಲ್ಲಿದೆಯೇ ಎಂದೂ ಇದು ನೋಡುವುದಿಲ್ಲ. ಅದಕ್ಕೆ ನಮ್ಮ ರಿಜಿಸ್ಟರೇ ಗತಿ.

ನನಗೆ ಬಹಳ ನೋವಾದದ್ದು ಭಾಷೆಯ ವಿಷಯದಲ್ಲಿ. ಪರದೆಯೆಲ್ಲ ಇಂಗ್ಲಿಷ್. ಕಾಕಾ ಓದುವುದು ಕನ್ನಡ. ಸಾಲುಗಳಿಗೆ ಅ, ಆ, ಇ ಎಂದು ಹೆಸರಿಟ್ಟರೆ ಪ್ರಿಂಟರಿನಿಂದ ಬರೀ ಖಾಲಿ ಚೌಕಗಳು ಬಂದವು. ಮೊದಲ ವಾರ ಕಾಕಾ ಸ್ಕ್ಯಾನರ್ ಮುಟ್ಟಲಿಲ್ಲ. "ಇನ್ನ ನನ್ನ ಕೆಲಸ ಏನೈತ್ರಿ ಇಲ್ಲಿ?" ಎಂದು ಕೇಳಿದರು. ಆ ಮಾತು ನನ್ನ ಎದೆಗೆ ನಾಟಿತು. ಯಾವ ಐಟಂ ಎಲ್ಲಿರಬೇಕೆಂದು ಗೊತ್ತುಮಾಡುವ ಕೆಲಸ ಅವರಿಗೇ ಒಪ್ಪಿಸಿದೆ. ಹೆಚ್ಚು ಓಡುವ 200 ಐಟಂಗಳನ್ನು ಬಾಗಿಲ ಹತ್ತಿರದ ರ‍್ಯಾಕ್‌ಗಳಿಗೆ ತಂದವರು ಅವರೇ. ಅದನ್ನು ಯಾವ ಸಾಫ್ಟ್‌ವೇರೂ ಹೇಳಿಕೊಟ್ಟಿರಲಿಲ್ಲ. ಸಾಲುಗಳ ಹೆಸರನ್ನು ರಟ್ಟಿನ ಮೇಲೆ ಅವರೇ ಕನ್ನಡದಲ್ಲಿ ಬರೆದು ತೂಗುಹಾಕಿದ್ದಾರೆ.

500–600 ಐಟಂ ಇರುವ ಸಣ್ಣ ಏಜೆನ್ಸಿಯವರು ಇಷ್ಟು ಖರ್ಚು ಮಾಡಬೇಡಿ. ನಂಬರ್ ಹಾಕಿದ ರ‍್ಯಾಕು, ತಿಂಗಳಿಗೊಮ್ಮೆ ಎಕ್ಸ್‌ಪೈರಿ ಪಟ್ಟಿ ಸಾಕು. ಎರಡು ಸಾವಿರ ದಾಟಿದವರು ಮೊದಲು ಮೂರು ತಿಂಗಳ ನೋಟ್‌ಬುಕ್ ಇಡಿ. ನಿಮ್ಮ ನೋಟ್‌ಬುಕ್ಕಿನಲ್ಲಿ ವರ್ಷಕ್ಕೆ ಒಂದೂವರೆ ಲಕ್ಷವೂ ಹೋಗುತ್ತಿಲ್ಲವಾದರೆ ಬಂದವರಿಗೆ ಚಹಾ ಕೊಟ್ಟು ಕಳಿಸಿ.

ಜುಲೈಗೆ ಮತ್ತೆ 84,000 ಕಟ್ಟಬೇಕು, ಕಟ್ಟುತ್ತೇನೆ. ಲೇಬಲ್ ಕನ್ನಡದಲ್ಲಿ ಬರಬೇಕು, ರಾತ್ರಿ 8ರವರೆಗೆ ಫೋನ್ ಎತ್ತಬೇಕು ಎಂದು ಈ ಸಲ ಬರೆಸಿಕೊಂಡೇ ಚೆಕ್ ಕೊಡುವವಳು.